ಕೊಪ್ಪರಿಗೆ ಮುಂದೆ ಕಾಲು ಗಂಟೆ

ಅಪ್ಪ ಬೈದರೆ ನಾನು ಮೊದಲು ಅವನ ಬೆರಳು ಚುಚ್ಚುತ್ತೇನೆ. ಆ ಬೈಗುಳ ನಿಜವಾದದ್ದೋ, ಮೈಯಲ್ಲಿ ಸಕ್ಕರೆ ಇಳಿದು ಬಂದದ್ದೋ ಅನ್ನುವುದು ಒಂದು ಹನಿ ರಕ್ತ ಮೆಷಿನ್ನಿನ ಪಟ್ಟಿಗೆ ತಾಗಿ ಐದು ಸೆಕೆಂಡು ಕಳೆದ ಮೇಲಷ್ಟೇ ಗೊತ್ತಾಗುತ್ತದೆ. ಎಪ್ಪತ್ತರ ಮೇಲೆ ಬಂದರೆ ಬೈಗುಳ ನನಗೇ ಸೇರಿದ್ದು, ಸುಮ್ಮನೆ ಇಸಕೊಳ್ಳಬೇಕು. ಎಪ್ಪತ್ತರ ಕೆಳಗೆ ಬಂದರೆ ಲೆಕ್ಕಕ್ಕಿಲ್ಲ, ಬಾಯಿಗೆ ಸಿಹಿ ಹಾಕಬೇಕು. ನನ್ನ ವಯಸ್ಸಿನವರು ಮೊಬೈಲಿನಲ್ಲಿ ಹುಡುಗಿಯರ ಫೋಟೊ ಕೂಡಿಡುತ್ತಾರೆ; ನನ್ನ ಮೊಬೈಲಿನಲ್ಲಿ ಇರುವುದೆಲ್ಲ ಅಪ್ಪನ ಸಕ್ಕರೆಯ ನಂಬರುಗಳ ಫೋಟೊ. ಸಾಕಾಗಿದೆ. ಸಾಕಾಗಿದೆ ಅಂತ ಯಾರಿಗಾದರೂ ಹೇಳಿಕೊಳ್ಳುವುದೂ ಸಾಕಾಗಿದೆ.

ಅವ್ವನಿಗೆ ಈ ಪದ್ಧತಿಯಲ್ಲಿ ಅಷ್ಟು ನಂಬಿಕೆಯಿಲ್ಲ. "ನಿಮ್ಮಪ್ಪ ನನ್ನ ಕಟ್ಕಂಡ ಮೂರ್ನೇ ದಿನದಿಂದ್ಲೂ ಇಂಗೇ ಕಣ್ಲಾ ಬೈಯೋದು. ಆಗೆಲ್ಲಿತ್ತು ಸಕ್ರೆ ಕಾಯ್ಲೆ?" ಅನ್ನುತ್ತಾಳೆ.

ಅಪ್ಪ ಆಲೆಮನೆಯಲ್ಲಿ ಹದ ನೋಡುವವನು. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವಾಗ ಭಾರತೀನಗರ ದಾಟಿದ ಮೇಲೆ ನಮ್ಮೂರು, ಊರಾಚೆ ಆಲೆಮನೆ. ಅಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿದು ಪಾಕವಾಗುತ್ತದೆ. ಪಾಕವನ್ನು ಒಲೆಯಿಂದ ಇಳಿಸಬೇಕಾದ ಒಂದು ಗಳಿಗೆ ಇದೆ. ಅದಕ್ಕೆ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಅಂಟಂಟಾಗಿ ಕೂರುತ್ತದೆ, ಆ ಗಳಿಗೆ ದಾಟಿದರೆ ಸೀದು ಕಪ್ಪಾಗುತ್ತದೆ. ಅಪ್ಪ ಕೋಲಿನ ತುದಿಯಲ್ಲಿ ಒಂದಿಷ್ಟು ಪಾಕ ಎತ್ತಿ ತಣ್ಣೀರಿನ ಚೊಂಬಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಕಟ್ಟಿ ನೋಡಿ, "ಇಳ್ಸಿ" ಅನ್ನುತ್ತಾನೆ. ಆ ಒಂದು ಮಾತಿಗೆ ಆರು ಜನ ಓಡುತ್ತಾರೆ. ಮನೆಯಲ್ಲಿ ಅವನ ಮಾತಿಗೆ ಬೆಕ್ಕು ಕೂಡ ಜಾಗ ಬಿಟ್ಟು ಏಳುವುದಿಲ್ಲ. ಮೂವತ್ತು ವರ್ಷದಿಂದ ಅವನ ಮರ್ಯಾದೆಯೆಲ್ಲ ಇದ್ದದ್ದು ಆ ಎರಡಕ್ಷರದಲ್ಲಿ. ಅದು ಅವನ ಬಾಯಲ್ಲಿ ಉಳಿಯುತ್ತದೋ ಇಲ್ಲವೋ ಅನ್ನುವ ಹಾಗಾದದ್ದು ಕಳೆದ ವರ್ಷ. ಹಾಗಾಗುವುದರಲ್ಲಿ ನನ್ನ ಕೈವಾಡವೂ ಇತ್ತು. ಅದನ್ನು ಬರೆಯದೆ ಬರೀ ಅಪ್ಪನ ಕಾಯಿಲೆಯ ಬಗ್ಗೆ ಬರೆದರೆ ಅನ್ಯಾಯವಾಗುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ. ಮೊದಲು ಮಾತ್ರೆ, ಆಮೇಲೆ ಹೊಟ್ಟೆಗೆ ಚುಚ್ಚುವ ಇನ್ಸುಲಿನ್. ಬೆಳಿಗ್ಗೆ ಐದೂವರೆಗೆ ಚುಚ್ಚುವ ಕೆಲಸ ನನ್ನದು. ನಾನು ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವವನು. ಅಲ್ಲಿ ಗಡಿಯಾರವೇ ದೇವರು. ಅದೇ ಶಿಸ್ತನ್ನು ಅಪ್ಪನ ಹೊಟ್ಟೆಯ ಮೇಲೂ ಹೇರಿದೆ. ಒಂದು ದಿನ ತಪ್ಪಲಿಲ್ಲ, ಒಂದು ನಿಮಿಷ ಆಚೀಚೆಯಾಗಲಿಲ್ಲ. ಆದರೆ ಚುಚ್ಚಿಸಿಕೊಂಡು ಹೋದವನು ಉಣ್ಣುವುದು ಯಾವಾಗ ಅಂತ ಒಂದು ದಿನವೂ ಕೇಳಲಿಲ್ಲ. ಆಲೆಮನೆಯಲ್ಲಿ ಮೊದಲ ಕೊಪ್ಪರಿಗೆ ಇಳಿಯುವ ತನಕ ಹದ ನೋಡುವವನು ಊಟಕ್ಕೆ ಕೂರುವುದಿಲ್ಲ. ಯಾರೂ ಮಾಡಿದ ಕಾನೂನಲ್ಲ ಅದು. ಅತ್ತ ಕೈ ತೊಳೆದು ಕೂತರೆ ಇತ್ತ ಪಾಕ ಕೈಕೊಡುತ್ತದೆ ಅನ್ನುವ ಭಯ, ಅಷ್ಟೇ. ಅವ್ವ ಏಳೂವರೆಗೆ ಕಳಿಸಿದ ಬುತ್ತಿಯನ್ನು ಅಪ್ಪ ಒಂದೊಂದು ದಿನ ಹತ್ತಕ್ಕೆ ಬಿಚ್ಚುತ್ತಿದ್ದ, ಒಂದೊಂದು ದಿನ ಹನ್ನೊಂದಕ್ಕೆ. ಇನ್ಸುಲಿನ್ ಮಾತ್ರ ಹೇಳಿದ ಹೊತ್ತಿಗೆ ಡ್ಯೂಟಿಗೆ ಹಾಜರು.

ಇದು ಸಾಲದು ಅಂತ ಇನ್ನೊಂದು ಘನಕಾರ್ಯ ಮಾಡಿದ್ದೆ. ಆಲೆಮನೆಗೆ ಹೋಗಿ, ಡಾಕ್ಟರರ ಹಾಗೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಗಂಟಲು ಕೆಮ್ಮಿ, "ನೋಡ್ರಪ್ಪಾ, ಈ ವ್ಯಕ್ತಿಗೆ ಸಿಹಿ ಅಂದ್ರೆ ವಿಷ. ಒಂದು ಚೂರು ಬೆಲ್ಲ ಬಾಯಿಗೆ ಹೋದ್ರೂ ಜವಾಬ್ದಾರಿ ನಿಮ್ಮದು" ಅಂತ ಎಲ್ಲರಿಗೂ ಹೇಳಿ ಬಂದಿದ್ದೆ. ಎಲ್ಲರೂ ನಕ್ಕರು. ನಕ್ಕು ಪಾಲಿಸಿದರು. ಜನ ನನ್ನ ಮಾತು ಕೇಳಿ ಹಾಗೇ ನಡೆದುಕೊಂಡದ್ದು ಇಡೀ ಜೀವನದಲ್ಲಿ ಅದೊಂದೇ ಸಲ.

ಮೊದಲ ಸಲ ಅಪ್ಪನ ತಲೆ ಕೈಕೊಟ್ಟದ್ದು ಹನಕೆರೆ ಸ್ಟೇಷನ್ನಿನಲ್ಲಿ. ಆವತ್ತು ಮಂಡ್ಯದ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಇತ್ತು. ಅಪ್ಪ ನನ್ನ ಕೈಯಲ್ಲಿ ಐದೂವರೆಗೆ ಚುಚ್ಚಿಸಿಕೊಂಡೇ ಹೋಗಿದ್ದ. ಕ್ಯೂನಲ್ಲಿ ಎರಡು ಗಂಟೆ ನಿಂತು, ರಕ್ತ ಕೊಟ್ಟು, ರೈಲು ತಪ್ಪುತ್ತದೆ ಅಂತ ತಿಂಡಿಯನ್ನೂ ಬಿಟ್ಟು ಓಡಿದ್ದಾನೆ. ಮದ್ದೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕಾದವನು ಒಂದು ಸ್ಟೇಷನ್ ಮುಂಚೆ, ಹನಕೆರೆಯಲ್ಲೇ ಇಳಿದುಬಿಟ್ಟಿದ್ದಾನೆ. ನನಗೆ ಫೋನು ಮಾಡಿದ್ದು ಪ್ಲಾಟ್‌ಫಾರಮ್ಮಿನಲ್ಲಿ ಸೌತೆಕಾಯಿ ಮಾರುವ ಒಬ್ಬ ಹೆಂಗಸು.

"ನಿಮ್ಮಪ್ಪ ಅಂತೆ ಕಣಪ್ಪ, ಇಲ್ಲಿ ಟೇಸನ್ನಾಗೆ ಕುಂತವ್ರೆ. ಮದ್ದೂರ್ನ ಯಾರೋ ಎತ್ಕಂಡೋಗವ್ರೆ ಅಂತ ಎಲ್ರುನ್ನೂ ಬೈತಾವ್ರೆ. ಬಂದು ಕರ್ಕಂಡೋಗು."

ಗೆಜ್ಜಲಗೆರೆಯಿಂದ ಗೆಳೆಯನ ಬೈಕಿನಲ್ಲಿ ಹತ್ತು ನಿಮಿಷ. ಹೋಗಿ ನೋಡಿದರೆ ಅಪ್ಪ ಕಲ್ಲುಬೆಂಚಿನ ಮೇಲೆ ಕೂತು ಸ್ಟೇಷನ್ನಿನ ಬೋರ್ಡನ್ನು ದುರುಗುಟ್ಟಿ ನೋಡುತ್ತಿದ್ದ. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು.

"ಲೇ, ಈ ಬೋರ್ಡ್ ಬರ್ದೋನ್ಗೆ ಅಕ್ಸರ ಬರಾಕಿಲ್ಲ ಕಣ್ಲಾ. ಮದ್ದೂರ್ಗೋಗಿ ಅನಕೆರೆ ಅಂತ ಬರ್ದವ್ನೆ."

"ಇದು ಅನಕೆರೇನೇ ಕಣಪ್ಪ."

"ನಂಗೇ ಯೋಳ್ಕೊಡ್ತೀಯಾ? ಇಲ್ಲಿ ವಡೆ ಮಾರೋರೆಲ್ಲ ಎಲ್ಲೋದ್ರು? ಅದ್ನ ಮೊದ್ಲು ಯೋಳು."

ಮಾತು ನಾಲಿಗೆಗೆ ತೊಡರಿಕೊಂಡು ಬರುತ್ತಿತ್ತು. ಸೌತೆಕಾಯಿಯ ತಾಯಿ ಅಷ್ಟರಲ್ಲಿ ಒಂದು ಲೋಟ ಟೀ ತರಿಸಿ ಅವನ ಕೈಗಿಟ್ಟಿದ್ದಳು. ಸಕ್ಕರೆ ಹಾಕಿದ ಟೀ. ನಾನು ಏನು ಮಾಡಿದೆ ಗೊತ್ತೇ? ಆ ತಾಯಿಗೆ ಬೈದೆ. "ಸಕ್ರೆ ಕಾಯ್ಲೆಯವ್ರಿಗೆ ಸಕ್ರೆ ಟೀ ಕೊಡ್ತೀರಲ್ಲಮ್ಮ!" ನಾನು ಬೈದು ಮುಗಿಸುವಷ್ಟರಲ್ಲಿ ಅಪ್ಪ ಕುಡಿದು ಮುಗಿಸಿದ್ದ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಹೊಸದಾಗಿ ನೋಡುವವನ ಹಾಗೆ ನೋಡಿ, "ನೀನ್ಯಾಕ್ಲಾ ಇಲ್ಲಿ? ಕೆಲ್ಸ ಇರ್ನಿಲ್ವಾ?" ಅಂದ. ಬೋರ್ಡಿನ ಜಗಳ ಅವನಿಗೆ ನೆನಪೇ ಇರಲಿಲ್ಲ.

ಯಾಕೆ ಹೀಗಾಯಿತು ಅಂತ ಯೋಚಿಸುವ ತಲೆ ನನಗಿದ್ದರೆ ಇಷ್ಟೆಲ್ಲ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ನನಗೆ ಕಂಡದ್ದು ಜನರನ್ನು ನಗಿಸಲು ಒಂದು ಹೊಸ ಐಟಂ. ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ, ಭಾರತೀನಗರದ ಟೀ ಅಂಗಡಿಯಲ್ಲಿ, ಕೊನೆಗೆ ಆಲೆಮನೆಯಲ್ಲೂ ಅಪ್ಪನ ಆ ತೊದಲು ನಾಲಿಗೆ, ಆ ಬೋರ್ಡಿನ ಜಗಳ, ಎಲ್ಲವನ್ನೂ ಮಾಡಿ ತೋರಿಸಿದೆ. ಬರೀ ತೊದಲಿಗೆ ಜನ ಅಷ್ಟಾಗಿ ನಗುತ್ತಿರಲಿಲ್ಲ. ಅದಕ್ಕೇ ಎರಡು ಹೆಜ್ಜೆ ತೂರಾಟ ಸೇರಿಸಿದೆ. ಅಪ್ಪ ಹನಕೆರೆಯಲ್ಲಿ ತೂರಾಡಿರಲಿಲ್ಲ, ಕೂತೇ ಇದ್ದ. ತೂರಾಟ ನಾನು ಕೈಯಿಂದ ಹಾಕಿದ ಒಗ್ಗರಣೆ. ಎಲ್ಲರಿಗಿಂತ ಜಾಸ್ತಿ ನಕ್ಕವರು ಆಲೆಮನೆಯ ಯಜಮಾನರು. "ಎಷ್ಟ್ ಎಣ್ಣೆ ಆಕ್ಕಂಡಿದ್ನ್ಲಾ ನಿಮ್ಮಪ್ಪ?" ಅಂತ ಯಾರೋ ಕೇಳಿದಾಗ ನಾನು ಇಲ್ಲ ಅನ್ನಲಿಲ್ಲ. ಕಣ್ಣು ಹೊಡೆದೆ. ನಗು ಬರುತ್ತಿರುವಾಗ ತಡೆಯುವ ಅಭ್ಯಾಸ ನನಗಿಲ್ಲ.

ಒಂದು ತಿಂಗಳು ಕಳೆದಿರಬೇಕು. ನನಗೆ ಸೆಕೆಂಡ್ ಶಿಫ್ಟ್, ಮನೆಯಲ್ಲಿದ್ದೆ. ಒಂಬತ್ತೂವರೆಗೆ ಯಜಮಾನರ ಫೋನು. "ಬಾರ್ಲಾ ಬೇಗ. ನಿಮ್ಮಪ್ಪ ಬೆಳ್ಬೆಳಿಗ್ಗೇನೇ ಏರಿಸ್ಕಂಡ್ ಬಂದವ್ನೆ. ಕೊಪ್ರಿಗೆ ಸೀದೋಯ್ತು."

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಅವ್ವ ಒಳಗೆ ಹೋಗಿ ಸಕ್ಕರೆ ನೋಡುವ ಮೆಷಿನ್ನು ತಂದು ನನ್ನ ಜೇಬಿಗೆ ತುರುಕಿದಳು. "ನಿಮ್ಮಪ್ಪ ಜನ್ಮದಾಗೆ ಅದ್ನ ಮುಟ್ಟಿಲ್ಲ ಕಣ್ಲಾ. ಬಾಯಿ ವಾಸ್ನೆ ನೋಡೋಕ್ ಮುಂಚೆ ಇದ್ರಾಗೆ ನೋಡು."

ಆಲೆಮನೆ ಹೊಗೆಯಿಂದ ತುಂಬಿತ್ತು. ಸೀದ ಪಾಕದ ಕಹಿ ವಾಸನೆ ರಸ್ತೆಗೇ ಬರುತ್ತಿತ್ತು. ನಡೆದದ್ದು ಇಷ್ಟು: ಪಾಕ ಹದಕ್ಕೆ ಬಂದಿದೆ ಅಂತ ಒಲೆಗೆ ಉರಿ ಹಾಕುವವನಿಗೂ ಗೊತ್ತಾಗಿದೆ. ಅಪ್ಪ ಮಾತ್ರ ಕೋಲು ಹಿಡಿದು ನಿಂತು "ಇನ್ನೂ ಆಗಿಲ್ಲ, ಮುಟ್ಬ್ಯಾಡಿ" ಅನ್ನುತ್ತಲೇ ಇದ್ದಾನೆ. ಮೂವತ್ತು ವರ್ಷ ತಪ್ಪದ ಬಾಯಿ ಅದು. ಮೀರುವ ಧೈರ್ಯ ಯಾರಿಗೂ ಬಂದಿಲ್ಲ. ಹೊಗೆ ಎದ್ದ ಮೇಲೆ ಯಜಮಾನರೇ ಬಂದು ಅಪ್ಪನನ್ನು ಪಕ್ಕಕ್ಕೆ ತಳ್ಳಿ ಇಳಿಸಿದ್ದಾರೆ.

ನಾನು ಹೋದಾಗ ಅಪ್ಪನನ್ನು ನೆಲದ ಮೇಲೆ ಕೂರಿಸಿದ್ದರು. ಭಯ್ಯಾ ಅವನ ತಲೆ ಹಿಡಿದುಕೊಂಡಿದ್ದ. ಭಯ್ಯಾ ಉತ್ತರದ ಕಡೆಯವನು, ಆಲೆಮನೆ ಕೆಲಸಕ್ಕೆ ಬಂದು ಎಂಟು ವರ್ಷ ಇಲ್ಲೇ ಇದ್ದು ನಮ್ಮ ಭಾಷೆಯನ್ನು ನಮಗಿಂತ ಮರ್ಯಾದೆಯಾಗಿ ಆಡುವವನು. ಅಪ್ಪನ ಹತ್ತಿರವೇ ಹದ ನೋಡುವುದನ್ನು ಕಲಿಯುತ್ತಿದ್ದ. ಅಮಲು ಇಳಿಯಲಿ ಅಂತ ಅವನು ಅಪ್ಪನಿಗೆ ಮಜ್ಜಿಗೆ ಕುಡಿಸುತ್ತಿದ್ದ. ಹುಳಿ ಮಜ್ಜಿಗೆಗೆ ಉಪ್ಪು ಹಾಕಿ, ನಿಂಬೆಹಣ್ಣು ಹಿಂಡಿ. ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಅವರಿಬ್ಬರ ಹಿಂದೆ ಹಿಂದಿನ ದಿನ ತೆಗೆದ ಬೆಲ್ಲದ ಅಚ್ಚುಗಳನ್ನು ಎದೆಮಟ್ಟಕ್ಕೆ ಜೋಡಿಸಿಟ್ಟಿದ್ದರು.

ಬೆರಳು ಚುಚ್ಚಿದೆ. ನಲವತ್ತಮೂರು. ನಿಜ ಹೇಳುತ್ತೇನೆ, ಮೊದಲ ಕ್ಷಣ ನನಗೆ ಖುಷಿಯಾಯಿತು. ಇನ್ನೂರ ಎಂಬತ್ತು, ಮುನ್ನೂರು ನೋಡಿ ನೋಡಿ, ನಂಬರು ಕಡಿಮೆ ಬಂದಷ್ಟೂ ಒಳ್ಳೆಯದು ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಆಮೇಲೆ ಮೆಷಿನ್ನಿನ ಡಬ್ಬಿಯೊಳಗಿನ ಚೀಟಿಯಲ್ಲಿ ಎಪ್ಪತ್ತರ ಕೆಳಗೆ ಅಪಾಯ ಅಂತ ಕೆಂಪಕ್ಷರದಲ್ಲಿ ಇದ್ದದ್ದು ನೆನಪಾಯಿತು.

"ಬೆಲ್ಲ ಕೊಟ್ರಾ?" ಅಂತ ಕಿರುಚಿದೆ.

"ಕೊಡ್ಬ್ಯಾಡ ಅಂದೋನು ನೀನೇ ಅಲ್ವೇನ್ಲಾ?" ಅಂದರು ಯಜಮಾನರು.

"ನೀವೇ ಹೇಳಿದ್ದು ಅಣ್ಣ, ವಿಷ ಅಂತ" ಅಂದ ಭಯ್ಯಾ. ಅವನ ಕಣ್ಣಲ್ಲಿ ನೀರಿತ್ತು.

ಅಚ್ಚೊಂದನ್ನು ನೆಲಕ್ಕೆ ಬಡಿದು ಒಡೆದು ಅಪ್ಪನ ಬಾಯಿಗೆ ಚೂರು ಚೂರೇ ಇಟ್ಟೆ. ಅವನು ಉಗುಳಿದ, ನನ್ನ ಕೈ ಕಚ್ಚಿದ, ನನ್ನ ಜನ್ಮ ಜಾಲಾಡಿದ. ಕೊನೆಗೆ ನುಂಗಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಅವನದೇ ಮುಖವಾಗತೊಡಗಿತು. ಅಷ್ಟರಲ್ಲಿ ನಾನು ಯಜಮಾನರಿಗೆ ಹೇಳುತ್ತಿದ್ದೆ: ಕುಡಿದದ್ದಲ್ಲ, ಸಕ್ಕರೆ ಇಳಿದದ್ದು ಅಂತ.

"ಸಕ್ರೆ ಕಾಯ್ಲೆ ಅಂದ್ರೆ ಸಕ್ರೆ ಜಾಸ್ತಿ ಆಗೋದಲ್ವೇನ್ಲಾ? ಇಳ್ದ್ರೆ ಒಳ್ಳೇದೇ ಅಲ್ವಾ? ಯಾರ್ಗ್ ಯೋಳ್ತೀಯ ಕಥೆ? ಅನಕೆರೇಲಿ ಎಂಗೆ ತೂರಾಡ್ದ ಅಂತ ಇದೇ ಜಾಗ್ದಾಗೆ ನಿಂತ್ಕಂಡು ನೀನೇ ಮಾಡ್ತೋರಿಸ್ದಲ್ಲೋ."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ.

"ತೂರಾಡ್ದೆ ಅಂದ್ಯಾ?"

ಅಷ್ಟೇ ಕೇಳಿದ್ದು. ಬೆರಳು ಚುಚ್ಚಿ ನೋಡುವ ಅಗತ್ಯ ಇರಲಿಲ್ಲ. ಆ ಮಾತು ನನಗೇ ಸೇರಿದ್ದು.

ಯಜಮಾನರು ಕೆಟ್ಟವರಲ್ಲ. "ಮನೇಲಿರ್ಲಿ ಬುಡು ಇನ್ಮೇಲೆ" ಅಂದರು. "ಕುಡ್ದದ್ದೋ, ಕಾಯ್ಲೇನೋ, ನಂಗೆ ಎರ್ಡೂ ಒಂದೇ. ಕೊದಿಯೋ ಪಾಕದೊಳೀಕೆ ಬಿದ್ರೆ ಎತ್ತಾಕೂ ಏನೂ ಸಿಕ್ಕಾಕಿಲ್ಲ."

ಮಂಡ್ಯದ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು, ಇನ್ಸುಲಿನ್ ಕಡಿಮೆ ಮಾಡಿ, ಚುಚ್ಚಿದ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು ಅಂತ ನನಗೆ ಬೈದರು. ಆಮೇಲೆ ಅಪ್ಪನಿಗೆ ನಿಧಾನವಾಗಿ ಹೇಳಿದರು. ಮಿದುಳಿಗೆ ಕೂಡಿಟ್ಟುಕೊಂಡು ತಿನ್ನುವ ಅಭ್ಯಾಸ ಇಲ್ಲ. ರಕ್ತದಲ್ಲಿ ಆ ಹೊತ್ತಿಗೆ ಬಂದ ಸಕ್ಕರೆಯಲ್ಲೇ ಅದರ ಸಂಸಾರ ನಡೆಯಬೇಕು. ಸಕ್ಕರೆ ಇಳಿದರೆ ಮೊದಲು ಕೈಕೊಡುವುದು ಲೆಕ್ಕಾಚಾರ, ಗಮನ, ಇದು ಸರಿ ಇದು ತಪ್ಪು ಅನ್ನುವ ತೀರ್ಮಾನ. ಶುರುವಿನಲ್ಲಿ ಮೈ ಬೆವರಿ, ಕೈ ನಡುಗಿ ಎಚ್ಚರಿಸುತ್ತದೆ. ಪದೇ ಪದೇ ಇಳಿಯುತ್ತಿದ್ದರೆ ಮೈ ಹೇಳುವುದನ್ನೇ ಬಿಟ್ಟುಬಿಡುತ್ತದೆ. ಅಪ್ಪನಿಗೆ ಆಗಿರುವುದು ಅದು. ಕೆಲವು ವಾರ ಇಳಿಯದ ಹಾಗೆ ನೋಡಿಕೊಂಡರೆ ಆ ಎಚ್ಚರಿಕೆ ಮತ್ತೆ ಬರಲೂಬಹುದು.

ಅಪ್ಪ ಕೇಳಿದ. "ಅಂಗಾರೆ ಆಗ ಮಾತಾಡೋದು ನಾನಲ್ವಾ ಅಮ್ಮಾವ್ರೇ?"

"ನೀವೇ. ಆದ್ರೆ ನಿಮ್ಮ ತಪ್ಪನ್ನ ನಿಮಗೆ ತೋರಿಸೋನು ಒಬ್ಬ ಒಳಗಿರ್ತಾನಲ್ಲ, ಅವನು ಮಲಗಿರ್ತಾನೆ."

"ಇವ್ನು ಉಟ್ದಾಗ್ಲಿಂದ ಮಲ್ಗೇ ಅವ್ನೆ" ಅಂತ ನನ್ನ ಕಡೆ ಕೈ ತೋರಿಸಿದ. ಡಾಕ್ಟರಮ್ಮ ನಕ್ಕರು. ನಾನೂ ನಕ್ಕೆ. ಆ ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ ಇರಬೇಕು.

ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು: ಇಳಿದಾಗ ಗ್ಲೂಕೋಸು ಕೊಟ್ಟು ಕಾಲು ಗಂಟೆ ಕೂರಿಸಿ, ಮತ್ತೆ ನೋಡಿ. ನಂಬರು ಬೇಗ ಏರುತ್ತದೆ, ತಲೆ ನಿಧಾನವಾಗಿ ಬರುತ್ತದೆ. ಅರ್ಧ ಮುಕ್ಕಾಲು ಗಂಟೆ ಅವರ ಕೈಗೆ ಅಪಾಯದ ಕೆಲಸ ಕೊಡಬೇಡಿ.

ಮನೆಯಲ್ಲಿ ಕೂತ ಅಪ್ಪನನ್ನು ನೋಡಿಕೊಳ್ಳುವುದು ಕೊಪ್ಪರಿಗೆ ನೋಡಿಕೊಂಡಷ್ಟೇ ಕಷ್ಟ. ಬೆಳಿಗ್ಗೆ ಚುಚ್ಚು, ತಿಂಡಿ ತಿನ್ನುವುದನ್ನು ಕಣ್ಣಾರೆ ನೋಡು, ಹತ್ತಕ್ಕೆ ಚುಚ್ಚು, ಊಟಕ್ಕೆ ಮುಂಚೆ ಚುಚ್ಚು. ಫ್ಯಾಕ್ಟರಿಯಲ್ಲಿದ್ದಾಗ ಅವ್ವನಿಗೆ ಫೋನು. ಅವನು ಸ್ವಲ್ಪ ಸುಮ್ಮನಾದರೆ ನಾನು "ಅಪ್ಪ, ಇವತ್ತು ಯಾವ ವಾರ?" ಅಂತ ಕೇಳುವುದು. "ನಿನ್ನ ತಿಥಿ ವಾರ ಕಣ್ಲಾ" ಅಂತ ಅವನು ಹೇಳುವುದು. ಉತ್ತರ ತಪ್ಪು, ಆದರೆ ತಲೆ ಸರಿಯಿದೆ ಅಂತ ಸಮಾಧಾನ. ಯಾರಾದರೂ ಸುಮ್ಮನೆ ಕೂತಿದ್ದರೆ ಅವರು ಸುಮ್ಮನೆ ಕೂತಿದ್ದಾರೆ ಅಂತ ನಂಬುವ ಸುಖವೇ ಹೊರಟುಹೋಯಿತು.

ಟೀ ಅಂಗಡಿಗೆ ಹೋಗಿ, ಅಪ್ಪ ಕುಡಿದಿರಲಿಲ್ಲ, ತೂರಾಟ ನಾನು ಸೇರಿಸಿದ್ದು ಅಂತ ಹೇಳಿದೆ. ಯಾರೂ ನಗಲಿಲ್ಲ. ಒಬ್ಬ, "ಅದಿರ್ಲಿ, ಆ ಬೋರ್ಡಿಂದು ಇನ್ನೊಂದ್ಸಲ ಮಾಡ್ಲಾ" ಅಂದ. ಸುಳ್ಳನ್ನು ಎರಡು ನಿಮಿಷದಲ್ಲಿ ನಂಬಿಸಿದ್ದೆ. ನಿಜವನ್ನು ನಂಬಿಸಲು ಆ ಅಂಗಡಿಗೆ ಹನ್ನೊಂದು ದಿನ ಹೋದೆ. ಕೊನೆಗೆ ಅವರಿಗೇ ಬೇಜಾರಾಗಿ ಒಪ್ಪಿಕೊಂಡರು.

ಆಲೆಮನೆಯಲ್ಲೂ ಸುಖ ಇರಲಿಲ್ಲ. ಭಯ್ಯಾ ಹದ ನೋಡುತ್ತಿದ್ದ, ಆದರೆ ಪ್ರತಿ ಸಲ ಅಪ್ಪನ ಜಾಗದ ಕಡೆ ತಿರುಗಿ ನೋಡುತ್ತಿದ್ದನಂತೆ. ಒಂದು ಸಂಜೆ ಅವನೇ ನಮ್ಮ ಮನೆಗೆ ಬಂದ. "ಅಪ್ಪಾಜಿ ಪಕ್ಕದಲ್ಲಿ ನಿಂತಿದ್ರೆ ಸಾಕು ಅಂತ ಯಜಮಾನ್ರಿಗೆ ಹೇಳಿದೀನಿ" ಅಂದ. ಮಾರನೆಯ ದಿನ ಯಜಮಾನರು ಷರತ್ತು ಹಾಕಿದರು. "ಒಂದೊಂದು ಕೊಪ್ರಿಗೇಗೂ ಮುಂಚೆ ಬೆಳ್ಳು ಚುಚ್ಚಿ ತೋರುಸ್ಬೇಕು. ಆ ಮಿಸಿನ್ನು ಇಲ್ಲ ಅಂದ್ರೆ ಅವ್ನು ಕೋಲು ಮುಟ್ಟಂಗಿಲ್ಲ. ಒಂದ್ ತಿಂಗ್ಳು ನೀನೂ ಜೊತೇಲಿರ್ಬೇಕು. ಒಂದ್ಸಲ ಎಚ್ಚುಕಮ್ಮಿ ಆಗ್ಲಿ, ಆಮ್ಯಾಕೆ ಕೇಳ್ಬ್ಯಾಡ." ನಾನು ಒಂದು ತಿಂಗಳಿಗೆ ಸೆಕೆಂಡ್ ಶಿಫ್ಟ್ ಬರೆಸಿಕೊಂಡೆ. ಬೆಳಿಗ್ಗೆ ಆಲೆಮನೆ, ಮಧ್ಯಾಹ್ನದಿಂದ ಫ್ಯಾಕ್ಟರಿ. ಪ್ಯಾಕಿಂಗ್ ಬೆಲ್ಟಿನ ಮುಂದೆ ನಿಂತೇ ನಿದ್ದೆ ಮಾಡುವುದನ್ನು ಕಲಿತೆ.

ಹದಿನೆಂಟು ದಿನ ಎಲ್ಲ ಸರಿಯಿತ್ತು. ಇನ್ಸುಲಿನ್ನನ್ನು ಏಳೂವರೆಗೆ ತಳ್ಳಿದ್ದೆವು, ಬುತ್ತಿಯನ್ನು ಅಪ್ಪ ಎಂಟಕ್ಕೇ ಬಿಚ್ಚುತ್ತಿದ್ದ. ನಂಬರು ನೂರ ಇಪ್ಪತ್ತು, ನೂರ ನಲವತ್ತು. ಅಪ್ಪ "ಇಳ್ಸಿ" ಅಂದರೆ ಆರು ಜನ ಓಡುತ್ತಿದ್ದರು. ಹತ್ತೊಂಬತ್ತನೆಯ ದಿನ ಗಾಣದ ಬೆಲ್ಟು ಕಿತ್ತುಹೋಗಿ, ಅದನ್ನು ಎಳೆದು ಕೂರಿಸುವುದಕ್ಕೆ ಅಪ್ಪನೂ ಒಂದು ಗಂಟೆ ಕೈ ಹಾಕಿದ. ಮೈಮುರಿದು ದುಡಿದರೂ ಸಕ್ಕರೆ ಇಳಿಯುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. ನಾನು ಅದನ್ನು ಮರೆತು ಕಬ್ಬಿನ ಮೇಲೆ ತೂಕಡಿಸುತ್ತಿದ್ದೆ. ಎರಡನೆಯ ಕೊಪ್ಪರಿಗೆ ಹದದ ಹತ್ತಿರ ಬಂದಾಗ ಎದ್ದು ಅವನ ಬೆರಳು ಹಿಡಿದೆ.

ಐವತ್ತೆಂಟು.

"ನಿನ್ನ ಮಿಸಿನ್ನು ಕೆಟ್ಟೋಗದೆ" ಅಂದ ಅಪ್ಪ. ಮುಖದಲ್ಲಿ ಬೆವರಿರಲಿಲ್ಲ, ಕೈ ನಡುಗುತ್ತಿರಲಿಲ್ಲ. ಮಾತೂ ಸರಿಯಾಗಿತ್ತು. ಇನ್ನೊಂದು ಬೆರಳು ಚುಚ್ಚಿದೆ. ಐವತ್ತೇಳು. ಗ್ಲೂಕೋಸನ್ನು ನೀರಿಗೆ ಕದಡಿ ಕೊಟ್ಟೆ. ಅವನು ಕುಡಿದ, ಅಷ್ಟರ ಮಟ್ಟಿಗೆ ಒಪ್ಪಿಕೊಂಡಿದ್ದ. ಆದರೆ ಕೋಲು ಬಿಡಲಿಲ್ಲ.

"ಕಾಲು ಗಂಟೆ ಕೂತ್ಕೋ ಅಪ್ಪ."

"ಪಾಕ ನಿಂಗೋಸ್ಕರ ಕಾಲ್ಗಂಟೆ ನಿಂತ್ಕಂಡಿರ್ತದಾ? ಐದ್ ನಿಮ್ಸ ಕೂಡ ಇಲ್ಲ ಇದ್ಕೆ."

ಅದು ನಿಜ. ಆ ಮಾತನ್ನು ಹೇಳಿದ್ದು ಮೂವತ್ತು ವರ್ಷದ ಅನುಭವವೋ, ಐವತ್ತೇಳೋ, ನನಗೆ ಗೊತ್ತಾಗಲಿಲ್ಲ. ಯಜಮಾನರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಅಪ್ಪನ ಕೈಯಿಂದ ಕೋಲು ಬಿಡಿಸಿ ಭಯ್ಯಾನಿಗೆ ಕೊಟ್ಟೆ. ಬಿಡಿಸುವಾಗ ಅವನ ಬೆರಳುಗಳು ಎಷ್ಟು ಗಟ್ಟಿಯಾಗಿದ್ದವು ಅಂದರೆ ಒಂದೊಂದಾಗಿ ಎತ್ತಬೇಕಾಯಿತು. ಅವನನ್ನು ಕಬ್ಬಿನ ಹೊರೆಯ ಮೇಲೆ ಕೂರಿಸಿ, ಎದುರಿಗೆ ಅಡ್ಡ ನಿಂತೆ.

ಕೂತಲ್ಲಿಂದಲೇ ಅವನು ಕೊಪ್ಪರಿಗೆಯ ನೊರೆ ನೋಡಿದ. ಒಂದು ನಿಮಿಷ ಆಗಿರಬಹುದು.

"ಆತು. ಇಳ್ಸಿ."

ಯಾರೂ ಓಡಲಿಲ್ಲ. ಕೊಪ್ಪರಿಗೆ ಇಳಿಸುವ ಸರಪಳಿ ಹಿಡಿದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ನಾನು ಬೇಡ ಅಂತ ತಲೆ ಆಡಿಸಿದೆ. ಅದನ್ನು ಅಪ್ಪ ನೋಡಿದ.

"ಇಳ್ಸ್ರೋ! ಎಳೇಬೆಲ್ಲ ಯಾವ್ದು ಅಂತ ನಂಗೆ ಗೊತ್ತಾಗಾಕಿಲ್ಲ ಅಂದ್ಕಂಡ್ರಾ? ಸೀದೋಯ್ತದೆ!"

ಭಯ್ಯಾ ಕೋಲು ಅದ್ದಿ ಪಾಕ ಎತ್ತಿ ಚೊಂಬಿಗೆ ಬಿಟ್ಟ. ಬೆರಳಲ್ಲಿ ಉಜ್ಜಿದ. ಉಂಡೆ ಕಟ್ಟಲಿಲ್ಲ, ಕರಗಿತು. ಅವನು ಅಪ್ಪನ ಕಡೆ ತಿರುಗಲಿಲ್ಲ. ಇನ್ನೊಂದು ಸಲ ಅದ್ದಿದ. ಅಪ್ಪ ಇನ್ನೂ ಏನೇನೋ ಕೂಗುತ್ತಿದ್ದ, ನಾನು ಅವನ ಹೆಗಲು ಒತ್ತಿ ಹಿಡಿದಿದ್ದೆ. ಮೂರನೆಯ ಸಲಕ್ಕೆ ಉಂಡೆ ಕಟ್ಟಿತು. "ಇಳ್ಸಿ" ಅಂದ ಭಯ್ಯಾ. ದನಿ ಎಷ್ಟು ಸಣ್ಣದಾಗಿ ಬಂತು ಅಂದರೆ ಎರಡು ಸಲ ಹೇಳಬೇಕಾಯಿತು. ಸರಪಳಿ ಎಳೆದು ಕೊಪ್ಪರಿಗೆ ಬಾಗಿಸಿದರು.

ಕಾಲು ಗಂಟೆ ಆದ ಮೇಲೆ ಚುಚ್ಚಿದೆ. ತೊಂಬತ್ತನಾಲ್ಕು. ಅಪ್ಪ ನಂಬರು ನೋಡಿ ಏಳಲು ಹೋದ. "ಇನ್ನೂ ಅರ್ಧ ಗಂಟೆ" ಅಂದೆ. ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ. ಮಡಿಸಿದ ಮಂಡಿಗಳ ಮೇಲೆ ಕೈ ಇಟ್ಟುಕೊಂಡು, ಬೆಲ್ಲ ಅಚ್ಚಿಗೆ ಬೀಳುವುದನ್ನೇ ನೋಡುತ್ತಾ ಕೂತ. ಅಚ್ಚು ಆರಿದ ಮೇಲೆ ಭಯ್ಯಾ ಒಂದನ್ನು ತಂದು ಅವನ ಮುಂದೆ ಇಟ್ಟ. ಅಪ್ಪ ಎತ್ತಿ ತಿರುಗಿಸಿ ನೋಡಿ, ಮುರಿದ. ಒಳಗೆ ಒಳ್ಳೆಯ ಬಣ್ಣ, ಸರಿಯಾದ ಹರಳು.

"ನಾ ಅಂದಾಗ ಇಳ್ಸಿದ್ರೆ?"

"ಎಳೇದಾಗ್ತಿತ್ತು ಅಪ್ಪಾಜಿ. ಅಚ್ಚಲ್ಲಿ ನಿಲ್ತಿರ್ಲಿಲ್ಲ."

ಅಪ್ಪ ಬೆಲ್ಲದ ಎರಡು ತುಂಡನ್ನೂ ಅಂಗೈಯಲ್ಲಿ ಸೇರಿಸಿ ಹಿಡಿದ.

"ನಂಗೆ ಸರ್ಯಾಗೇ ಕಾಣ್ತಿತ್ತಲ್ಲ" ಅಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ. ಯಜಮಾನರು ಬಂದು ಆ ಬೆಲ್ಲದ ಒಂದು ಚೂರು ಬಾಯಿಗೆ ಹಾಕಿಕೊಂಡು, "ಮುಂದಿನ್ ಕೊಪ್ರಿಗೆ ಆಕಿ" ಅಂದು ಹೊರಗೆ ಹೋದರು.

ಮೂರನೆಯ ಕೊಪ್ಪರಿಗೆಗೆ ಹಾಲು ಬಿಟ್ಟರು. ಅದು ಹದಕ್ಕೆ ಬರುವಷ್ಟರಲ್ಲಿ ನಾನು ಫ್ಯಾಕ್ಟರಿಗೆ ಹೊರಟಿರುತ್ತಿದ್ದೆ; ಮೆಷಿನ್ನೂ ನನ್ನ ಜೊತೆ ಹೋಗುತ್ತಿದ್ದರಿಂದ ಅದರ ಹದ ದಿನಾ ಭಯ್ಯಾನೇ ನೋಡುತ್ತಿದ್ದ. ಹೊತ್ತಾಗಿತ್ತು, ಬಸ್ಸು ತಪ್ಪಿದರೆ ಶಿಫ್ಟು ಹೋಗುತ್ತಿತ್ತು. ಮೆಷಿನ್ನನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಅಪ್ಪ, "ಅದ್ನ ಇಲ್ಲೇ ಇಡು" ಅಂದ. ಆಮೇಲೆ ಭಯ್ಯಾನನ್ನು ಕರೆದ.

"ಬಾ ಇಲ್ಲಿ. ಇವ್ನು ಎಷ್ಟ್ ದಿನ ಅಂತ ಕಾಯ್ಕಂಡ್ ಕುಂತಿರ್ತಾನೆ? ಚುಚ್ಚೋದ್ನ ನೀನೂ ಕಲ್ತ್ಕೋ. ಎಪ್ಪತ್ಕಿಂತ ಕಮ್ಮಿ ಬಂದ್ರೆ ಕೋಲು ನಿಂದು. ಆಮೇಕೆ ನಾನು ಏನೇ ಕೂಗಾಡ್ಲಿ, ಕೇಳ್ಬ್ಯಾಡ."

ಭಯ್ಯಾ ಕೈ ತೊಳೆದು ಬಂದ. ಪಾಕದಲ್ಲಿ ಬೆಂದು ಬೆಂದು ದಪ್ಪಗಾದ ಬೆರಳುಗಳಲ್ಲಿ ಆ ಸಣ್ಣ ಸೂಜಿ ಕಾಣುತ್ತಲೇ ಇರಲಿಲ್ಲ. ಅಪ್ಪ ಬೆರಳು ಮುಂದೆ ಚಾಚಿದ. ಭಯ್ಯಾ ಸೂಜಿ ತಾಗಿಸಿ, ಹೆದರಿ ಹಿಂದಕ್ಕೆ ತೆಗೆದ.

"ತುದೀಗಲ್ಲ ಕಣೋ, ಪಕ್ಕಕ್ಕೆ" ಅಂದ ಅಪ್ಪ. "ಅಂಗೆ. ಈಗ ಒತ್ತು. ಎದರ್ಬ್ಯಾಡ."

ನಾನು ಬಸ್ಸಿಗೆ ಓಡಿದೆ.